ಸರಪಳಿ ಕಟ್ಟಿದ ಲೋಟ

ತೊಂದರೆ ಶುರುವಾದದ್ದು ಒಂದು ಲೋಟ ನೀರಿನಿಂದ, ಅದೂ ಅವನು ಆ ದಿನ ಕುಡಿಯದೇ ಬಿಟ್ಟ ನೀರಿನಿಂದ.

ಅಳತೆ ಮತ್ತು ತೂಕದ ಕಚೇರಿಯಲ್ಲಿ ಅವನದು ಮುದ್ರೆ ಒತ್ತುವ ಕೆಲಸ. ಅಂಗಡಿಯವರು ತಂದ ತೂಕದ ಬಟ್ಟುಗಳನ್ನು ಒಂದೊಂದಾಗಿ ತಕ್ಕಡಿಗೆ ಇಡಬೇಕು. ಸರಿಯಿದ್ದರೆ ಉಕ್ಕಿನ ಅಚ್ಚು ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಬೇಕು, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟಿ ಮೂಲೆಗೆ ತಳ್ಳಬೇಕು. ಈ ಕೆಲಸಕ್ಕೆ ಕೈ ಗಟ್ಟಿಯಿದ್ದರೆ ಸಾಕು, ಮಾತು ಬೇಕಿಲ್ಲ. ಮಾತು ಅವನಿಗೆ ಬರುತ್ತಲೂ ಇರಲಿಲ್ಲ.

ಕಚೇರಿಯಲ್ಲಿ ಅವನಿಗೆ ಹಂಡೆ ಎಂದು ಹೆಸರು. ಹಂಡೆಯ ಗಾತ್ರವೇನೂ ಅವನಿಗಿರಲಿಲ್ಲ. ಅವನ ಅಂಗಿಯನ್ನು ಮೊಳೆಗೆ ನೇತುಹಾಕಿದರೂ ಅವನ ಮೈಮೇಲಿದ್ದಾಗ ಕಂಡಷ್ಟೇ ತುಂಬಿಕೊಂಡು ಕಾಣುತ್ತಿತ್ತು. ಹೆಸರು ಬಂದದ್ದು ಅವನು ಕುಡಿಯುವ ನೀರಿನಿಂದ. ನಾಲ್ಕು ಬಟ್ಟು ತೂಗುವಷ್ಟರಲ್ಲಿ ಒಮ್ಮೆ ಎದ್ದು ಡ್ರಮ್ಮಿನ ಹತ್ತಿರ ಹೋಗುವವನನ್ನು ಇನ್ನೇನೆಂದು ಕರೆಯಬೇಕು?

ಡ್ರಮ್ ಇದ್ದದ್ದು ದೊಡ್ಡ ಕೋಣೆಯ ಆ ತುದಿಯ ಮೂಲೆಯಲ್ಲಿ. ಸ್ಟೀಲಿನ ಡ್ರಮ್, ಸದಾ ತೊಟ್ಟಿಕ್ಕುವ ನಲ್ಲಿ, ನಲ್ಲಿಯ ಕೆಳಗೊಂದು ಬಕೆಟ್ಟು. ಹಿಂದೆ ಲೋಟಗಳು ಕಾಣೆಯಾಗುತ್ತಿದ್ದವೆಂದು ಯಾರೋ ಹಳೆಯ ಅಧಿಕಾರಿಗಳು ದೊಡ್ಡದೊಂದು ಲೋಟದ ಅಂಚಿಗೆ ತೂತು ಕೊರೆಸಿ, ಸರಪಳಿ ಹಾಕಿ, ಡ್ರಮ್ಮಿಗೆ ಕಟ್ಟಿಸಿದ್ದರು. ಸರಪಳಿ ಒಂದು ಮೊಳ ಇದ್ದೀತು. ನೀರು ಬೇಕಾದವರು ಅಲ್ಲೇ ನಿಂತು ಕುಡಿಯಬೇಕು. ಹಾಗೆ ನಿಂತವರ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಟಪಾಲು ಮೇಡಂ ಅವರ ಮೇಜು.

ಹಂಡೆಗೆ ಬಾಯಾರಿಕೆ ಇರಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಟಪಾಲು ಮೇಡಂ ಆ ಕಚೇರಿಗೆ ಬಂದು ನಾಲ್ಕು ವರ್ಷವಾಗಿತ್ತು. ಬಂದ ಕಾಗದಗಳಿಗೆ ನಂಬರು ಹಾಕುವುದು, ಹೋಗುವ ಕಾಗದಗಳಿಗೆ ಅಂಟು ಹಚ್ಚುವುದು ಅವರ ಕೆಲಸ. ಮನೆಯಲ್ಲಿ ತಾಯಿ ಒಬ್ಬರೇ. ಮದುವೆಯ ವಯಸ್ಸನ್ನು ಆ ತಾಯಿಯ ಔಷಧಿಗಾಗಿ ಸರದಿಯಲ್ಲಿ ನಿಂತು ಕಳೆದವರು. ಹಂಡೆಗೂ ಅವರಿಗೂ ನಡೆದ ಮಾತುಕತೆಯೆಲ್ಲ ಒಂದು ಲೋಟದ ಉದ್ದದ್ದು.

"ಇವತ್ತು ಟಪಾಲು ಜಾಸ್ತಿನಾ ಮೇಡಂ?"

"ಜಾಸ್ತಿನೇ."

ಅಷ್ಟರಲ್ಲಿ ನೀರು ಮುಗಿಯುತ್ತಿತ್ತು. ಎರಡನೆಯ ಪ್ರಶ್ನೆಗೆ ಎರಡನೆಯ ಲೋಟ ಬೇಕು. ಹೀಗಾಗಿ ಅವನು ಹನಿಹನಿಯಾಗಿ ಕುಡಿಯುವುದನ್ನು ಕಲಿತಿದ್ದ. ದಿನಾ ಬೆಳಿಗ್ಗೆ ಅವನು ಮೊದಲ ಸಲ ಆ ಮೂಲೆಗೆ ಹೋದಾಗ ಮೇಡಂ ತಲೆ ಎತ್ತದೆ, "ಲೋಟ ತೊಳೆದಿಟ್ಟಿದೀನಿ" ಎನ್ನುತ್ತಿದ್ದರು. ಆ ಮಾತಿನ ಮೇಲೆ ಹಂಡೆ ಮನಸ್ಸಿನಲ್ಲೇ ಒಂದು ಮನೆ ಕಟ್ಟಿ, ಕಿಟಕಿಗಳಿಗೆ ಬಣ್ಣವನ್ನೂ ಹೊಡೆಸಿಟ್ಟುಕೊಂಡಿದ್ದ.

ಆ ದಿನ ಮೇಡಂ ಅವರ ಕೊನೆಯ ದಿನ. ಅಣ್ಣನಿರುವ ಊರಿಗೆ ವರ್ಗ ಕೇಳಿ ಪಡೆದಿದ್ದರು. ತಾಯಿಯನ್ನು ಆಗಲೇ ಕಳಿಸಿಯಾಗಿತ್ತು. ಸಂಜೆ ಎಲ್ಲರಿಗೂ ಚಹಾ, ಬಿಸ್ಕತ್ತು, ಅಧಿಕಾರಿಗಳ ಎರಡು ಮಾತು, ಆಮೇಲೆ ಅಣ್ಣ ಕಾರು ತಂದು ಕರೆದುಕೊಂಡು ಹೋಗುವುದೆಂದು ನಿಗದಿಯಾಗಿತ್ತು. ಹಂಡೆ ಬೆಳಿಗ್ಗೆ ಗಡ್ಡ ಬೋಳಿಸುತ್ತ ಕನ್ನಡಿಯ ಮುಂದೆ ಒಂದೇ ಒಂದು ವಾಕ್ಯವನ್ನು ಗಟ್ಟಿಮಾಡಿದ್ದ: "ಮೇಡಂ, ನಿಮ್ಮೂರಿಗೆ ನಾನೊಂದ್ಸಲ ಬಂದ್ರೆ ನಿಮಗೆ ಬೇಜಾರಿಲ್ವಲ್ಲ?" 'ಬೇಜಾರಿಲ್ವಲ್ಲ' ಎಂಬಲ್ಲಿ ಪ್ರತಿಸಲವೂ ಧ್ವನಿ ಬಿದ್ದುಹೋಗುತ್ತಿತ್ತು. ಅಲ್ಲಿ ಎರಡು ಸಲ ಗದ್ದವನ್ನೂ ಕೊಯ್ದುಕೊಂಡ.

ಮೊದಲ ಲೋಟಕ್ಕೆಂದು ಎದ್ದಾಗಲೇ ಹೇಳಿಬಿಡುವುದೆಂದು ತೀರ್ಮಾನಿಸಿ ಎದ್ದ. ಅವನು ನಡುದಾರಿಗೆ ಬರುವಷ್ಟರಲ್ಲಿ ಹೆಡ್‌ಕ್ಲರ್ಕು ಕನ್ನಡಕದ ಮೇಲಿಂದ ನೋಡಿದರು.

"ಎಲ್ಲಿಗೆ?"

"ನೀರು ಕುಡಿದು ಬರ್ತೀನಿ ಸರ್."

"ಕೂತ್ಕೋ ಬಾ ಇಲ್ಲಿ. ನಿನ್ನ ಹತ್ರ ಅದೇ ವಿಷಯ ಮಾತಾಡ್ಬೇಕು."

ಹೆಡ್‌ಕ್ಲರ್ಕಿಗೆ ಇತರರ ಆರೋಗ್ಯವೆಂದರೆ ಪ್ರಾಣ. ಕಚೇರಿಯಲ್ಲಿ ಯಾರು ಕೆಮ್ಮಿದರೂ ಅವರು ಕುರ್ಚಿ ಸಮೇತ ಹತ್ತಿರ ಬರುತ್ತಿದ್ದರು. ಹಂಡೆ ಕುಳಿತ.

"ನೀರು ಜಾಸ್ತಿಯಾದ್ರೆ ಏನಾಗುತ್ತೆ ಗೊತ್ತೇನಯ್ಯ? ರಕ್ತದಲ್ಲಿರೋ ಉಪ್ಪು ತೆಳ್ಳಗಾಗುತ್ತೆ. ಆಮೇಲೆ ನೀರು ಮಿದುಳಿಗೆ ನುಗ್ಗುತ್ತೆ. ಮಿದುಳು ಊದ್ಕೊಳ್ಳುತ್ತೆ. ಬುರುಡೆ ಊದ್ಕೊಳ್ಳಲ್ಲ. ಮುಂದಿಂದು ನೀನೇ ಯೋಚನೆ ಮಾಡು."

ಹಂಡೆ ಯೋಚಿಸಿದ. ಒಳಗೆ ಜಾಗ ಸಾಲದ ಹಾಗೆ ತಲೆ ಆಗಲೇ ಬಿಗಿಯತೊಡಗಿತು.

"ಯಾರು ಹೇಳಿದ್ರು ಸರ್ ಇದನ್ನ?"

"ನಿನ್ನ ಒಳ್ಳೇದು ಬಯಸೋರು ನಿನ್ನೆ ಕಿವಿಗೆ ಹಾಕಿದ್ರು. ನಾನು ಮನೆಗೆ ಹೋಗಿ ಓದಿ ಖಾತ್ರಿ ಮಾಡ್ಕೊಂಡೆ. ಒಂದೇ ಸಮ ಕುಡಿದು ಸತ್ತವರೂ ಇದಾರೆ."

ಕಾಯಿಲೆಯ ವಿಷಯದಲ್ಲಿ ಹಂಡೆ ಬಹಳ ಉದಾರಿ. ಯಾವ ಕಾಯಿಲೆಯ ಹೆಸರು ಕಿವಿಗೆ ಬಿದ್ದರೂ ಸಂಜೆಯೊಳಗೆ ಅದಕ್ಕೆ ತನ್ನ ಮೈಯಲ್ಲಿ ಜಾಗ ಕೊಡುತ್ತಿದ್ದ. ಪಕ್ಕದ ಮನೆಯ ಬಾಣಂತಿಯ ಸೊಂಟನೋವು ಕೂಡ ಅವನನ್ನು ಬಿಟ್ಟಿರಲಿಲ್ಲ. ಈಗ ಬೆರಳುಗಳನ್ನು ಬಿಡಿಸಿ ನೋಡಿಕೊಂಡ. ನಿನ್ನೆಗಿಂತ ದಪ್ಪವಾಗಿದ್ದವು.

ಆಗಲೇ ಎದ್ದು ಮೂಲೆಗೆ ಹೋಗಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಇನ್‌ಸ್ಪೆಕ್ಟರು ತಮ್ಮ ಮೇಜಿನಿಂದ ಎದ್ದು ಬಂದರು.

"ಜಾಸ್ತಿ, ಕಮ್ಮಿ ಅಂತ ಬಾಯಿಮಾತಲ್ಲಿ ಹೇಳ್ಬೇಡಿ. ಇದು ಅಳತೆ ಕಚೇರಿ. ಅಳೆದು ಮಾತಾಡೋಣ."

ಅವರು ಗಾಜಿನ ಬೀರುವಿನ ಬೀಗ ತೆಗೆದು ಮಾದರಿ ಲೀಟರನ್ನು ಹೊರತೆಗೆದರು. ಹಿತ್ತಾಳೆಯದು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಊರಿನ ಅಂಗಡಿಗಳ ಲೀಟರುಗಳೆಲ್ಲ ಅದರ ಮುಂದೆ ಬಂದು ತಲೆಬಾಗಬೇಕು. ಅದನ್ನು ಕೂಸಿನಂತೆ ಎತ್ತಿಕೊಂಡು ಡ್ರಮ್ಮಿನ ಹತ್ತಿರ ಹೋದರು. ಟಪಾಲು ಮೇಡಂ ಆ ಹೊತ್ತಿಗೆ ಅಧಿಕಾರಿಗಳ ಕೋಣೆಯಲ್ಲಿ ಬೀಗದಕೈ, ಮೊಹರು, ಅಂಟಿನ ಸೀಸೆಗಳನ್ನು ಲೆಕ್ಕ ಒಪ್ಪಿಸುತ್ತಿದ್ದರು. ಸರಪಳಿಯ ಲೋಟವನ್ನು ತುಂಬಿ ತುಂಬಿ ಅಳೆದ ಇನ್‌ಸ್ಪೆಕ್ಟರಿಗೆ ಸಿಟ್ಟು ಬಂತು.

"ಅರ್ಧ ಲೀಟರಿಗಿಂತ ಜಾಸ್ತಿ ಹಿಡಿಯುತ್ತೆ ಇದು. ಮುದ್ರೆಯೂ ಇಲ್ಲ. ನಮ್ಮ ಕಣ್ಣೆದುರೇ ಮುದ್ರೆ ಇಲ್ಲದ ಅಳತೆ."

ಮುಂದಿನ ಲೆಕ್ಕ ಸರಳವಾಗಿತ್ತು. ಡ್ರಮ್ ದಿನಾ ಬೆಳಿಗ್ಗೆ ತುಂಬುತ್ತದೆ, ಸಂಜೆ ಖಾಲಿಯಾಗುತ್ತದೆ. ಉಳಿದವರೆಲ್ಲ ಎಷ್ಟು ಕುಡಿಯುತ್ತಾರೋ ಅದನ್ನು ಕಳೆದರೆ ಮಿಕ್ಕಿದ್ದು ಹಂಡೆಯದು. ಇನ್‌ಸ್ಪೆಕ್ಟರು ಒಬ್ಬೊಬ್ಬರನ್ನೂ ಕೇಳಿದರು. ಮಿದುಳು ಊದುವ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ತಲುಪಿತ್ತು. ಹಾಗಾಗಿ ಒಬ್ಬರು "ನಾನು ಗುಟುಕರಿಸೋದಷ್ಟೇ" ಎಂದರು, ಇನ್ನೊಬ್ಬರು ಮನೆಯಿಂದಲೇ ಬಾಟಲಿ ತರುವುದಾಗಿ ಹೇಳಿದರು, ಹೆಡ್‌ಕ್ಲರ್ಕು ತಾವು ಮಾತ್ರೆ ನುಂಗುವಾಗ ಬಿಟ್ಟರೆ ನೀರನ್ನು ಮುಟ್ಟುವುದೇ ಇಲ್ಲ ಎಂದರು. ನಲ್ಲಿ ಹಗಲೆಲ್ಲ ತೊಟ್ಟಿಕ್ಕುವುದು, ಆ ಬಕೆಟ್ಟಿನಿಂದಲೇ ಸಂಜೆ ನೆಲ ಒರೆಸುವುದು ಯಾರ ಲೆಕ್ಕಕ್ಕೂ ಬರಲಿಲ್ಲ. ಒಟ್ಟಿನಲ್ಲಿ ಹಂಡೆಯ ಪಾಲಿಗೆ ಹದಿನಾಲ್ಕು ಲೀಟರು ಬಂತು.

"ಅಷ್ಟು ನನ್ನ ಹೊಟ್ಟೆ ಹಿಡಿಯುತ್ತಾ ಸರ್?" ಎಂದ ಹಂಡೆ, ಕ್ಷೀಣವಾಗಿ.

"ಹಿಡಿದಿದೆಯಲ್ಲಯ್ಯ. ಲೆಕ್ಕ ಕಣ್ಮುಂದೆ ಇದೆ" ಎಂದರು ಹೆಡ್‌ಕ್ಲರ್ಕು. "ಹೊಟ್ಟೇಲೇ ಇರ್ಬೇಕು ಅಂತೇನಿಲ್ಲ. ಮೈಯೆಲ್ಲಾ ಸೇರ್ಕೊಂಡಿರುತ್ತೆ."

"ಅದನ್ನೂ ನೋಡಿಬಿಡೋಣ" ಎಂದು ಇನ್‌ಸ್ಪೆಕ್ಟರು ಅವನನ್ನು ಇನ್ನೊಂದು ಮೂಲೆಯಲ್ಲಿದ್ದ ದೊಡ್ಡ ತಕ್ಕಡಿಯ ಮೇಲೆ ಹತ್ತಿಸಿದರು. ಮೂಟೆ ತೂಗುವ ತಕ್ಕಡಿ ಅದು. ಮುಳ್ಳು ಒಮ್ಮೆ ನಡುಗಿ ನಿಂತಿತು. ಹಂಡೆ ತನಗೆ ತಿಳಿದಿದ್ದ ತನ್ನ ತೂಕಕ್ಕಿಂತ ನಾಲ್ಕು ಕಿಲೋ ಹೆಚ್ಚು ತೂಗಿದ.

ಹಂಡೆ ತಕ್ಕಡಿಯಿಂದ ಇಳಿಯಲು ಕಾಲೆತ್ತಿದಾಗ, ಒಳಗೆ ನೀರು ಅಲುಗಾಡಿದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಆ ತಕ್ಕಡಿ ಒಂದು ಗೋದಾಮಿನಿಂದ ಮುಟ್ಟುಗೋಲಾಗಿ ಬಂದದ್ದು. ಏನಿಟ್ಟರೂ ಹೆಚ್ಚು ತೋರಿಸುತ್ತದೆಂಬುದೇ ಅದರ ಮೇಲಿದ್ದ ಆರೋಪ. ಆರೋಪದ ಕೆಂಪು ಚೀಟಿಯನ್ನು ಅದಕ್ಕೆ ಕಟ್ಟಿದವನು ಸ್ವತಃ ಹಂಡೆ. ಬೇರೆ ಯಾರಾದರೂ ಅದರ ಮೇಲೆ ಹತ್ತಿದ್ದರೆ ಅವನೇ ನಗುತ್ತಿದ್ದ. ಆದರೆ ಹೆದರಿದವನಿಗೆ ತನ್ನದೇ ಅಕ್ಷರ ಕಾಣುವುದಿಲ್ಲ. ಇನ್‌ಸ್ಪೆಕ್ಟರಿಗೆ ಚೀಟಿ ಕಂಡದ್ದು ಬಹಳ ಹೊತ್ತಿನ ಮೇಲೆ. ಆಗ ಅವರು ಅದನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿಟ್ಟು, ಏನೂ ಹೇಳದೆ ತಮ್ಮ ಮೇಜಿಗೆ ಹೋದರು.

ಅಷ್ಟರೊಳಗೆ ಹೆಡ್‌ಕ್ಲರ್ಕು ಹಂಡೆಯ ಅಕ್ಕನಿಗೆ ಫೋನ್ ಮಾಡಿಯಾಗಿತ್ತು. ಹಂಡೆ ಇದ್ದದ್ದು ಅಕ್ಕ, ಭಾವನ ಮನೆಯ ಹಿಂದಿನ ಕೋಣೆಯಲ್ಲಿ. ಎಲ್ಲರಿಗೂ ಕೇಳಲಿ ಎಂದು ಫೋನನ್ನು ಮೇಜಿನ ಮೇಲೆ ಇಟ್ಟರು. ಎಲ್ಲರಿಗೂ ಕೇಳಿತು.

"ನಾನು ಇವನಿಗೆ ಚಿಕ್ಕಂದಿನಿಂದ ಹೇಳ್ತಾನೇ ಬಂದಿದೀನಿ" ಎಂದಳು ಅಕ್ಕ. "ರಾತ್ರಿ ಹೊತ್ತು ನೀರು ಮುಟ್ಟಬೇಡ ಕಣೋ ಅಂತ. ಏಳು ವರ್ಷ ತುಂಬಿದ್ರೂ ಹಾಸಿಗೆ ಒಣಗಿರ್ತಿರಲಿಲ್ಲ ಇವನ್ದು. ಚಾಪೆ ಬಿಸಿಲಿಗೆ ಹಾಕಿ ಹಾಕಿ ನನ್ನ ಕೈ ಬಿದ್ದುಹೋಗಿತ್ತು."

"ಅಕ್ಕಾ, ಇದು ಆಫೀಸು."

"ಆಫೀಸಾದ್ರೇನು, ಕಾಯಿಲೆ ಮುಚ್ಚಿಡಬಾರದು. ಸರ್, ಇವನಿಗೆ ಸ್ವಲ್ಪ ಉಪ್ಪು ತಿನ್ನಿಸಿ. ಒಂದು ಹನಿ ನೀರು ಕೊಡಬೇಡಿ. ಕೇಳ್ತಾನೆ, ಬೇಡ್ಕೋತಾನೆ. ಕೊಡಬೇಡಿ."

ಯಾರೋ ತಮ್ಮ ಊಟದ ಡಬ್ಬಿಯಿಂದ ಉಪ್ಪಿನ ಪೊಟ್ಟಣ ತೆಗೆದುಕೊಟ್ಟರು. ಹಂಡೆ ಅದನ್ನು ನೆಕ್ಕಿದ. ಹೆಡ್‌ಕ್ಲರ್ಕು ಇನ್ನೂ ಒಂದು ಚಿಟಿಕೆ ಎಂದರು, ಅದನ್ನೂ ನೆಕ್ಕಿದ. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ನಿಜವಾಗಿಯೂ ಬಾಯಾರಿಕೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಧೈರ್ಯ ಮಾಡಿ ಎದ್ದ. ಸುತ್ತಿಗೆಯನ್ನು ಕೆಳಗಿಟ್ಟು ಮೂರು ಹೆಜ್ಜೆ ಇಟ್ಟಿದ್ದನಷ್ಟೆ, ಇನ್‌ಸ್ಪೆಕ್ಟರು ತೋಳು ಹಿಡಿದರು.

"ಎಲ್ಲಿಗೆ ರೀ?"

"ಸುಮ್ಮನೆ. ಆ ಕಡೆ."

"ಆ ಕಡೆ ಡ್ರಮ್ ಬಿಟ್ರೆ ಇನ್ನೇನಿದೆ? ಕೂತ್ಕೊಳ್ಳಿ. ಚಟ ಬಿಡೋದು ಕಷ್ಟಾನೇ, ನಾನೂ ಸಿಗರೇಟು ಬಿಟ್ಟವನು."

ಆ ಕಡೆ ಇನ್ನೇನಿದೆ ಎಂಬ ಪ್ರಶ್ನೆಗೆ ಉತ್ತರ ಹೇಳುವ ಧೈರ್ಯ ಹಂಡೆಗಿರಲಿಲ್ಲ. ಪುಣ್ಯಕ್ಕೋ ಪಾಪಕ್ಕೋ ಟಪಾಲು ಮೇಡಂ ಇನ್ನೂ ಅಧಿಕಾರಿಗಳ ಕೋಣೆಯಲ್ಲೇ ಇದ್ದರು. ಅವರು ಹೊರಬಂದು ತಮ್ಮ ಮೇಜಿನ ಬಳಿ ಕೂತಾಗ ಹಂಡೆ ತನ್ನ ಜಾಗದಲ್ಲಿ ಬಟ್ಟು ತೂಗುತ್ತಿದ್ದ. ತೂಗುತ್ತಿದ್ದನೆಂದರೆ, ತಕ್ಕಡಿಯನ್ನು ನೋಡುವ ನೆಪದಲ್ಲಿ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಮಣಿಕಟ್ಟನ್ನು ಒತ್ತಿ ಕುಳಿ ಬೀಳುತ್ತದೆಯೇ ಎಂದು ಪರೀಕ್ಷಿಸುತ್ತಿದ್ದ. ಮಗ್ಗಿ ಹೇಳಿಕೊಂಡು ಮಿದುಳು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತಿದ್ದ. ಹದಿಮೂರರ ಮಗ್ಗಿಯಲ್ಲಿ ತಡವರಿಸಿದಾಗ ಕಣ್ಣು ಕತ್ತಲೆ ಬಂತು. ಹದಿಮೂರರ ಮಗ್ಗಿ ಅವನಿಗೆ ಎಂದೂ ಬರುತ್ತಿರಲಿಲ್ಲ.

ಇನ್‌ಸ್ಪೆಕ್ಟರು ತಡೆದರು, ಹೆಡ್‌ಕ್ಲರ್ಕು ಕೂರಿಸಿದರು ಎಂದು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡದ್ದುಂಟು. ಆದರೆ ನಿಜ ಬೇರೆ. ಊಟದ ನಂತರ ಒಂದೆರಡು ಗಂಟೆ ಅವನನ್ನು ಯಾರೂ ತಡೆಯಲಿಲ್ಲ. ಆ ಹೊತ್ತಿನಲ್ಲಿ ಅವನಿಗೆ ಟಪಾಲು ಮೇಡಂ ನೆನಪೇ ಆಗಲಿಲ್ಲ.

ನೆನಪಾದದ್ದು ಡಾಕ್ಟರ ಮುಂದೆ.

ಎದುರು ರಸ್ತೆಯ ದವಾಖಾನೆಗೆ ಅವನನ್ನು ಕೈಹಿಡಿದು ದಾಟಿಸಿಕೊಂಡು ಹೋದವರು ಹೆಡ್‌ಕ್ಲರ್ಕು. ಡಾಕ್ಟರಿಗೆ ಹದಿನಾಲ್ಕು ಲೀಟರಿನ ಲೆಕ್ಕ ಒಪ್ಪಿಸಿದವರೂ ಅವರೇ. ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಹಂಡೆಯ ಕಣ್ಣು ನೋಡಿದರು, ಕಾಲು ಒತ್ತಿದರು.

"ಬಾಯಾರಿಕೆ ತುಂಬ ಆಗುತ್ತಾ?"

"ಇಲ್ಲ."

"ಬಾಯಿ ಒಣಗುತ್ತಾ? ರಾತ್ರಿ ಎದ್ದು ಕುಡೀತೀರಾ?"

"ಇಲ್ಲ. ಮನೇಲಿ ಕುಡಿಯೋದೇ ಕಮ್ಮಿ. ಆಫೀಸಲ್ಲಿ ಮಾತ್ರ."

"ಬಾಯಾರಿಕೆ ಇಲ್ದೆ ಆಫೀಸಲ್ಲಿ ಮಾತ್ರ ಯಾಕ್ರಿ ಕುಡೀತೀರಿ?"

ಹಂಡೆ ಬಾಯಿ ತೆರೆದ, ಪಕ್ಕದಲ್ಲಿದ್ದ ಹೆಡ್‌ಕ್ಲರ್ಕನ್ನು ನೋಡಿ ಮುಚ್ಚಿದ. "ಅಭ್ಯಾಸ."

"ಎಷ್ಟು ವರ್ಷದಿಂದ?"

"ನಾಲ್ಕು."

"ನಾಲ್ಕು ವರ್ಷದ ಹಿಂದೆ ಏನಾದ್ರೂ ಆಗಿತ್ತಾ? ಜ್ವರ, ಪೆಟ್ಟು, ಮನಸ್ಸಿಗೆ ಏನಾದ್ರೂ?"

"ಏನಿಲ್ಲ. ಆಫೀಸಿಗೆ ಹೊಸ ಡ್ರಮ್ ಬಂತು."

"ಸುಳ್ಳು ಡಾಕ್ಟ್ರೇ" ಎಂದರು ಹೆಡ್‌ಕ್ಲರ್ಕು. ವೈದ್ಯರ ಮುಂದೆ ವಿವರ ತಪ್ಪಬಾರದೆಂದು ಅವರ ಅಭಿಪ್ರಾಯ. "ಡ್ರಮ್ ನಾನು ಸೇರೋ ಮುಂಚಿಂದು. ನಾಲ್ಕು ವರ್ಷದ ಹಿಂದೆ ಹೊಸದಾಗಿ ಬಂದಿದ್ದು ನಮ್ಮ ಟಪಾಲು ಮೇಡಂ ಒಬ್ರೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅವರು ಎಲ್ಲಿ ಕೂತ್ಕೋತಾರೆ?"

"ಡ್ರಮ್ ಪಕ್ಕ. ಯಾಕೆ, ಅಂಟುರೋಗ ಏನಾದ್ರೂ?"

"ಅಂಟಿದ ಹಾಗಿದೆ" ಎಂದರು ಡಾಕ್ಟರು, ಹಂಡೆಯನ್ನೇ ನೋಡುತ್ತ. "ಅವರಿಗೂ ನೀರಿನ ಅಭ್ಯಾಸ ಇದೆಯಾ?"

"ಗೊತ್ತಿಲ್ಲ ಡಾಕ್ಟ್ರೇ. ಅವರಿಗೆ ವರ್ಗ ಆಗಿದೆ, ಇವತ್ತು ಹೊರಡ್ತಿದಾರೆ. ಆಗಲೇ ಚಹಾಕ್ಕೆ ಹೊತ್ತಾಯ್ತು."

ಡಾಕ್ಟರು ಚೀಟಿಯನ್ನು ಬರೆಯದೆ ಪಕ್ಕಕ್ಕೆ ಸರಿಸಿದರು. "ನೋಡಿ, ನಿಮಗೆ ಏನೂ ಆಗಿಲ್ಲ. ಹದಿನಾಲ್ಕು ಲೀಟರು ಕುಡಿಯೋನು ಹೀಗೆ ನಡ್ಕೊಂಡು ಬರಲ್ಲ. ಔಷಧಿ ಬೇಡ, ಪರೀಕ್ಷೆ ಬೇಡ. ಎದ್ದು ಬೇಗ ಆಫೀಸಿಗೆ ಹೋಗಿ. ಏನಾದ್ರೂ ಹೇಳೋದಿದ್ರೆ ಹೇಳಿಬಿಡಿ."

ಹಂಡೆ ಎದ್ದ. ಬಾಗಿಲವರೆಗೂ ಹೋದ. ಅಲ್ಲಿ ನಿಂತು ಬೆರಳುಗಳನ್ನು ಒಮ್ಮೆ ಬಿಡಿಸಿ ನೋಡಿಕೊಂಡ.

"ಡಾಕ್ಟ್ರೇ, ಬಂದಿದ್ದು ಬಂದಾಯ್ತು. ಒಂದು ಪರೀಕ್ಷೆ ಬರ್ಕೊಟ್ಬಿಡಿ. ಮನಸ್ಸಿಗೆ ಸಮಾಧಾನ."

ಡಾಕ್ಟರು ಪಕ್ಕಕ್ಕೆ ಸರಿಸಿದ್ದ ಚೀಟಿಯನ್ನು ಮತ್ತೆ ಮುಂದಕ್ಕೆಳೆದುಕೊಂಡರು. ಆಮೇಲೆ ಬರೆದುಕೊಟ್ಟರು.

ಪರೀಕ್ಷೆಯ ಕೋಣೆ ದವಾಖಾನೆಯ ಹಿಂದೆ. ಅಲ್ಲಿದ್ದ ಹೆಂಗಸು ರಕ್ತ ತೆಗೆದುಕೊಂಡು, ಕೈಗೊಂದು ಚಿಕ್ಕ ಬಾಟಲಿ ಕೊಟ್ಟು ಓಣಿಯ ಕೊನೆಯ ಬಾಗಿಲು ತೋರಿಸಿದಳು. ಹಂಡೆ ಒಳಗೆ ಹೋಗಿ ಎಷ್ಟು ಹೊತ್ತು ನಿಂತರೂ ಏನೂ ಬರಲಿಲ್ಲ. ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯದೆ ಉಪ್ಪು ನೆಕ್ಕಿದವನಿಗೆ ಎಲ್ಲಿಂದ ಬರಬೇಕು?

"ಬರ್ತಾ ಇಲ್ಲಮ್ಮ."

"ನೀರು ಕುಡೀರಿ" ಎಂದು ಆಕೆ ಒಂದು ಲೀಟರಿನ ಬಾಟಲಿಯನ್ನು ಮುಂದಿಟ್ಟಳು.

"ನೀರು ಜಾಸ್ತಿಯಾಗಿ ಸಾಯ್ತೀನಿ ಅಂತ ಬಂದಿದೀನಿ ನಾನು."

"ಸಾಯೋಕೆ ಮುಂಚೆ ಆ ಚಿಕ್ಕ ಬಾಟಲಿ ತುಂಬಿಸಿಕೊಡಿ. ನಾನು ಬಾಗಿಲು ಹಾಕ್ಬೇಕು."

ಹಂಡೆ ಬೆಂಚಿನ ಮೇಲೆ ಕುಳಿತು ವಿಷ ಕುಡಿಯುವವನ ಹಾಗೆ ಕಣ್ಣುಮುಚ್ಚಿ ಕುಡಿದ. ಅಷ್ಟು ನೀರನ್ನು ಅವನು ಎಂದೂ ಒಬ್ಬನೇ ಕೂತು ಕುಡಿದಿರಲಿಲ್ಲ. ಪ್ರತಿ ಗುಟುಕಿಗೂ ಹೆಡ್‌ಕ್ಲರ್ಕು ಅವನ ಕಣ್ಣುಗಳನ್ನು ಬಗ್ಗಿ ನೋಡುತ್ತಿದ್ದರು, ಮಿದುಳು ಅಲ್ಲಿಂದ ಹೊರಬಂದರೆ ಹಿಡಿಯಬೇಕೆಂಬಂತೆ. ಬಾಟಲಿ ಖಾಲಿಯಾಯಿತು. ಮತ್ತೆ ಓಣಿಯ ಕೊನೆಯ ಬಾಗಿಲು. ಹೊರಗೆ ಹೆಡ್‌ಕ್ಲರ್ಕು ಕಾವಲು ನಿಂತರು.

"ಆಯ್ತೇನಯ್ಯ?"

"ಇಲ್ಲ ಸರ್."

"ನಲ್ಲಿ ಬಿಡಲಾ? ಸದ್ದು ಕೇಳಿದ್ರೆ ಬರುತ್ತೆ ಅಂತಾರೆ."

"ನೀವು ಅಲ್ಲಿ ನಿಂತಿದ್ರೆ ಬರಲ್ಲ ಸರ್."

"ನಾನೇನು ನೋಡ್ತಿದೀನಾ? ಬಾಗಿಲಿದೆ. ನಿಧಾನಕ್ಕೆ ಪ್ರಯತ್ನ ಮಾಡು. ಇಲ್ಲೇ ಇರ್ತೀನಿ."

ಅವರು ಅಲ್ಲೇ ಇದ್ದರು. ಆದ್ದರಿಂದ ಬರಲಿಲ್ಲ. ಕೊನೆಗೆ ಆ ಹೆಂಗಸು, ಬಾಟಲಿ ಜೊತೆಗೇ ಇಟ್ಟುಕೊಳ್ಳಿ, ಬಂದಾಗ ತುಂಬಿಸಿ ಬೆಳಿಗ್ಗೆ ತನ್ನಿ ಎಂದು ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು.

ರಸ್ತೆ ದಾಟುವಾಗ ಹಂಡೆ ಓಡಿದ. ಕಚೇರಿಯ ಮುಂದೆ ಕಾರು ನಿಂತಿತ್ತು. ಚಹಾ ಮುಗಿದಿತ್ತು, ಅಧಿಕಾರಿಗಳ ಎರಡು ಮಾತೂ ಮುಗಿದಿತ್ತು. ಕಿಟಕಿಯಿಂದ ಕಾಣುವ ಮೇಜಿನ ಮೇಲೆ ಬಿಸ್ಕತ್ತಿನ ಪುಡಿ ಮಾತ್ರ ಉಳಿದಿತ್ತು. ಮೇಡಂ ಅವರ ಅಣ್ಣ ಡಿಕ್ಕಿಗೆ ಪೆಟ್ಟಿಗೆ ತುರುಕುತ್ತಿದ್ದರು. ಮೇಡಂ ಗೇಟಿನ ಹತ್ತಿರ, ಬ್ಯಾಗು ಹೆಗಲಿಗೇರಿಸಿಕೊಂಡು ನಿಂತಿದ್ದರು.

"ಬಂದ್ರಾ" ಎಂದರು. "ನಿಮಗೆ ಹೇಳದೆ ಹೋಗೋದು ಹೇಗೆ ಅಂತ ಅಣ್ಣನ್ನ ನಿಲ್ಲಿಸ್ಕೊಂಡಿದೀನಿ. ಡಾಕ್ಟ್ರು ಏನಂದ್ರು?"

"ಏನೂ ಇಲ್ಲ ಅಂದ್ರು."

ಹೆಡ್‌ಕ್ಲರ್ಕು ತಮ್ಮ ಪಾಲಿನ ಬಿಸ್ಕತ್ತು ಉಳಿದಿದೆಯೇ ನೋಡಲು ಒಳಗೆ ಹೋದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರಿಬ್ಬರೇ, ಮಧ್ಯದಲ್ಲಿ ಲೋಟವಿಲ್ಲದೆ ನಿಂತಿದ್ದರು. ಹಂಡೆಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಒಂದರಲ್ಲಿ ಪರೀಕ್ಷೆಯ ಖಾಲಿ ಬಾಟಲಿಯಿತ್ತು. ಅದನ್ನು ಬೆನ್ನ ಹಿಂದೆ ಹಿಡಿದ.

"ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು" ಎಂದರು ಮೇಡಂ. "ಹೆಡ್‌ಕ್ಲರ್ಕ್ ಕೈಲಿ ಹೇಳಿಸಿದ್ದು ನಾನೇ. ನಮ್ಮಪ್ಪನೂ ಹೀಗೇ, ಸುಮ್ಮನೆ ಎದ್ದೆದ್ದು ನೀರು ಕುಡೀತಿದ್ರು. ಸಕ್ಕರೆ ಕಾಯಿಲೆ ಅಂತ ಗೊತ್ತಾಗೋ ಹೊತ್ತಿಗೆ ತಡವಾಗಿತ್ತು. ನಿಮ್ಮನ್ನ ನೋಡ್ದಾಗೆಲ್ಲ ಅದೇ ನೆನಪಾಗೋದು. ಹೇಳೋಣ ಅಂದ್ರೆ, ನಾನು ಯಾರು ಹೇಳೋಕೆ ಅಂತ ಸುಮ್ಮನಿರ್ತಿದ್ದೆ. ಲೋಟನಾದ್ರೂ ಶುದ್ಧವಾಗಿರ್ಲಿ ಅಂತ ತೊಳೆದಿಡ್ತಿದ್ದೆ."

ಹಂಡೆ ಕಟ್ಟಿದ್ದ ಮನೆಯ ಒಂದು ಗೋಡೆ ಸದ್ದಿಲ್ಲದೆ ಕುಸಿಯಿತು.

"ಹೋಗೋ ಮುಂಚೆ ಆದ್ರೂ ಹೇಳ್ಬೇಕು ಅನ್ನಿಸ್ತು" ಎಂದು ಮೇಡಂ ನಕ್ಕರು. ಆಮೇಲೆ ನಗು ನಿಲ್ಲಿಸಿ ಅಣ್ಣನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಇನ್ನೊಂದು ಹೇಳ್ತೀನಿ, ಹೇಗೂ ಹೋಗ್ತಿದೀನಲ್ಲ. ಒಂದೊಂದ್ಸಲ ನನಗೆ ಬೇರೆ ಥರ ಅನ್ನಿಸ್ತಿತ್ತು. ಇವರಿಗೆ ಬಾಯಾರಿಕೆ ಇ‌ಲ್ಲ, ಇವರು ನೀರಿಗೆ ಬರ್ತಿಲ್ಲ ಅಂತ. ಹಾಗೆ ಅನ್ನಿಸಿದ ದಿನ ಮನೇಲಿ ಅಮ್ಮ, ಏನೇ ಒಬ್ಬಳೇ ನಗ್ತೀಯ ಅಂತಿದ್ರು. ಹುಚ್ಚು. ಇವತ್ತು ಗೊತ್ತಾಯ್ತಲ್ಲ. ನೀರು ಬೇಡ ಅಂದ ತಕ್ಷಣ ಮಧ್ಯಾಹ್ನವೆಲ್ಲ ನನ್ನ ಮೇಜಿನ ಕಡೆ ಒಂದ್ಸಲಾನೂ ತಲೆ ಹಾಕಲಿಲ್ಲ ನೀವು. ಒಳ್ಳೇದಾಯ್ತು, ಹಾಗೇ ಪಥ್ಯ ಮಾಡಿ."

ಇದಕ್ಕೆ ಉತ್ತರ ಅವನ ಹತ್ತಿರವಿತ್ತು. ಬೆಳಿಗ್ಗೆ ಕನ್ನಡಿಯ ಮುಂದೆ ಗಟ್ಟಿಮಾಡಿದ ವಾಕ್ಯ ಅಕ್ಷರ ಬಿಡದೆ ನಾಲಿಗೆಯ ತುದಿಗೆ ಬಂತು. "ಮೇಡಂ" ಎಂದ. "ನಿಮ್ಮೂರಿಗೆ" ಎಂದ.

ಅಷ್ಟರಲ್ಲಿ, ಮಧ್ಯಾಹ್ನವೆಲ್ಲ ಬೇಡಿಕೊಂಡರೂ ಬಾರದ ಆ ಒಂದು ಲೀಟರು ಬಂತು. ಮುನ್ಸೂಚನೆಯಿಲ್ಲದೆ, ಪೂರ್ತಿಯಾಗಿ ಬಾಗಿಲವರೆಗೂ ಬಂದು ನಿಂತಿತು. ಹಂಡೆಯ ಮುಖ ಬಿಳಿಚಿತು. ಒಂದು ಕಾಲನ್ನು ಇನ್ನೊಂದಕ್ಕೆ ಸುತ್ತಿಕೊಂಡು ಹಲ್ಲು ಕಚ್ಚಿ ನಿಂತ. ಚಿಕ್ಕಂದಿನ ಚಾಪೆಗಳೆಲ್ಲ ಸಾಲಾಗಿ ಕಣ್ಣಮುಂದೆ ಬಂದವು.

"ನಮ್ಮೂರಿಗೆ?" ಎಂದರು ಮೇಡಂ.

"ಒಂದ್ನಿಮಿಷ. ಒಂದೇ ನಿಮಿಷ ಮೇಡಂ, ಹೋಗ್ಬೇಡಿ" ಎಂದು ಹಂಡೆ ತಿರುಗಿ ಓಡಿದ.

ಅದು ಅವರಿಗೆ ಹೇಗೆ ಕಂಡಿರಬಹುದೆಂದು ಅವನು ಆಮೇಲೆ ಬಹಳ ದಿನ ಯೋಚಿಸಿದ. ಒಬ್ಬ ಹೆಂಗಸು ನಾಲ್ಕು ವರ್ಷದ ಮಾತನ್ನು ಬಾಯಿಬಿಟ್ಟು ಹೇಳಿದಳು, ಎದುರಿಗಿದ್ದ ಗಂಡಸು ಹಲ್ಲು ಕಚ್ಚಿಕೊಂಡು ಓಡಿಹೋದ. ಹೇಗೆ ಯೋಚಿಸಿದರೂ ಅದಕ್ಕೆ ಇನ್ನೊಂದು ಅರ್ಥ ಹೊರಡಲಿಲ್ಲ.

ಅವನು ಹೊರಗೆ ಬಂದಾಗ ಗೇಟಿನ ಹತ್ತಿರ ಯಾರೂ ಇರಲಿಲ್ಲ. ತಿರುವಿನಲ್ಲಿ ಒಂದು ಕಾರಿನ ಕೆಂಪು ದೀಪ ಎರಡು ಸಲ ಮಿನುಗಿ ಆಚೆ ಹೋಯಿತು. ಕೈಯಲ್ಲಿ ಬಾಟಲಿ ಅಂಚಿನವರೆಗೂ ತುಂಬಿತ್ತು. ಕಿಟಕಿಯಿಂದ ಹೆಡ್‌ಕ್ಲರ್ಕು ಅದನ್ನು ನೋಡಿದರು.

"ಬಂತೇನಯ್ಯ?"

"ಬಂತು ಸರ್."

"ನೋಡ್ದೆಯಾ" ಎಂದು ಅವರು ಒಳಗಿನವರಿಗೆಲ್ಲ ಸುದ್ದಿ ಹೇಳಿದರು. ಎಲ್ಲರಿಗೂ ಸಂತೋಷವಾಯಿತು.

ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಸಕ್ಕರೆ ಸರಿಯಿತ್ತು, ಉಪ್ಪು ಸ್ವಲ್ಪ ಹೆಚ್ಚೇ ಇತ್ತು. ಬಸ್ಸು ಹಿಡಿದು ಆ ಊರಿಗೆ ಹೋಗಿಬಿಡಬಹುದಿತ್ತು. ಒಂದು ಭಾನುವಾರ ಬಸ್ ನಿಲ್ದಾಣದವರೆಗೂ ಹೋದ. ಹೋಗಿ ಏನೆಂದು ಹೇಳುವುದು ಎಂದು ಅಲ್ಲಿಯ ಬೆಂಚಿನ ಮೇಲೆ ಕೂತು ಯೋಚಿಸಿದ. ಅಷ್ಟರಲ್ಲಿ ಪಕ್ಕದಲ್ಲಿ ಕೂತವನೊಬ್ಬ ದೂರದ ಪ್ರಯಾಣದಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟಿದವರ ಕತೆ ಹೇಳಿದ. ಹಂಡೆ ಮನೆಗೆ ನಡೆದುಕೊಂಡೇ ಬಂದ.

ಟಪಾಲಿಗೆ ಹೊಸಬರು ಬಂದರು. ದಪ್ಪ ಮೀಸೆಯ ಮನುಷ್ಯ. ಡ್ರಮ್ ಪಕ್ಕ ಕೂರಲು ತಮಗಾಗದು, ಶೀತದ ಮೈ ಎಂದರು. ಎಲ್ಲರೂ ಸೇರಿ ಸಮಾಲೋಚಿಸಿದರು. ಹಂಡೆ ಈಗ ನೀರು ಬಿಟ್ಟಿದ್ದಾನೆ, ಅವನಿಗಿಂತ ನಂಬಿಕೆಯ ಮನುಷ್ಯ ಬೇರೆ ಇಲ್ಲ ಎಂದು ಡ್ರಮ್ಮನ್ನು ಎತ್ತಿ ತಂದು ಅವನ ಮೇಜಿನ ಪಕ್ಕದಲ್ಲೇ ಇಟ್ಟರು. ಲೋಟಕ್ಕೆ ಮುದ್ರೆ ಹಾಕುವಂತೆ ಇನ್‌ಸ್ಪೆಕ್ಟರು ಹೇಳಿದರು, ಅವನು ಹಾಕಿದ. ಈಗ ಯಾರು ನೀರಿಗೆ ಬಂದರೂ ಅವನ ಮೊಣಕೈ ಹತ್ತಿರ ನಿಂತು, ಸರಪಳಿ ಕಿಣಿಕಿಣಿ ಎನ್ನಿಸುತ್ತ, ಒಂದು ಲೋಟದ ಉದ್ದದ ಮಾತಾಡುತ್ತಾರೆ. ಇವತ್ತು ಬಟ್ಟು ಜಾಸ್ತಿನಾ ಎನ್ನುತ್ತಾರೆ. ಜಾಸ್ತಿನೇ ಎನ್ನುತ್ತಾನೆ.

ಬೇಸಿಗೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವನಿಗೆ ನಿಜವಾಗಿಯೂ ಬಾಯಾರಿತು. ಎದ್ದೇಳಬೇಕಾಗಿಯೂ ಇರಲಿಲ್ಲ, ಕೈ ಚಾಚಿ ಲೋಟವನ್ನು ಎತ್ತಿಕೊಂಡ. ತಳದಲ್ಲಿ ನಿನ್ನೆಯ ನೀರಿನ ಜೊತೆ ಒಂದು ಇರುವೆ ತೇಲುತ್ತಿತ್ತು, ಅಂಚಿನಲ್ಲಿ ಯಾರದೋ ತುಟಿಯ ಗುರುತಿತ್ತು. ಯಾರೂ ತೊಳೆದಿರಲಿಲ್ಲ.

ಅವನು ಅದನ್ನು ಹಾಗೆಯೇ ಕೆಳಗಿಟ್ಟು, ಮುಂದಿನ ಬಟ್ಟನ್ನು ತಕ್ಕಡಿಗೆ ಹಾಕಿದ.